ಕೋರ್ಟಿಗೆ ಹೋಗದೆ ಡಿವೋರ್ಸ್: ಕೊಲಾಬರೇಟಿವ್ ದಾರಿ ಹಿಡಿದವರು ಯಾರಾದರೂ ಇದ್ದೀರಾ?

ಕಿಟಕಿಪಕ್ಕದಸೀಟು ಕೇಳಿದ್ದು:

ಮದುವೆಯಾಗಿ 13 ವರ್ಷ. ಮಗಳಿಗೆ 10, ಮಗನಿಗೆ 6. ಬೇರೆಯಾಗೋಣ ಅಂತ ಇಬ್ಬರೂ ಒಪ್ಪಿ ಮೂರು ತಿಂಗಳಾಯಿತು. ಜಗಳ ಇಲ್ಲ, ಕೂಗಾಟ ಇಲ್ಲ. ಮಾತೇ ಇಲ್ಲ. ಫ್ರಿಜ್ಜಿನ ಬಾಗಿಲಿಗೆ ಚೀಟಿ ಅಂಟಿಸಿ ಸಂಸಾರ ನಡೆಸುತ್ತಿದ್ದೇವೆ. ನಿನ್ನೆ ಅವರು ಅಂಟಿಸಿದ್ದು: "ಮಗನ ಹಲ್ಲು ಅಲ್ಲಾಡುತ್ತಿದೆ. ನೋಡಿಕೋ."

ಪರಿಚಯದ ಲಾಯರ್ ಒಬ್ಬರು ಕೊಲಾಬರೇಟಿವ್ ಡಿವೋರ್ಸ್ ಬಗ್ಗೆ ಹೇಳಿದರು. ನನಗೆ ಅರ್ಥವಾದದ್ದು ಇಷ್ಟು. ಇಬ್ಬರಿಗೂ ಬೇರೆ ಬೇರೆ ಲಾಯರ್, ನಾಲ್ಕೂ ಜನ ಒಂದೇ ಮೇಜಿಗೆ ಕೂತು ಎಲ್ಲಾ ತೀರ್ಮಾನ ಮಾಡುವುದು. ಆದರೆ ಮೊದಲೇ ಒಂದು ಒಪ್ಪಂದಕ್ಕೆ ಸಹಿ ಹಾಕಬೇಕಂತೆ. ಮಾತುಕತೆ ಮುರಿದು ಯಾರಾದರೂ ಕೋರ್ಟಿಗೆ ಹೋದರೆ, ಇಬ್ಬರು ಲಾಯರ್‌ಗಳೂ ಕೇಸು ಬಿಡಬೇಕು. ಇದೊಂದು ನನಗೆ ಗಂಟಲಲ್ಲಿ ಸಿಕ್ಕಿಕೊಂಡಿದೆ. ನನ್ನ ಕಥೆಯೆಲ್ಲ ಕೇಳಿದ ಲಾಯರೇ ಕಷ್ಟಕಾಲಕ್ಕೆ ಎದ್ದು ಹೋಗುವುದು ಅಂದರೆ ಏನು?

ಮೀಡಿಯೇಷನ್‌ಗೂ ಇದಕ್ಕೂ ಏನು ವ್ಯತ್ಯಾಸ? ಇನ್ನೊಂದು. ದುಡ್ಡಿನ ಲೆಕ್ಕ ಪೂರ್ತಿ ಅವರ ಕೈಲಿದೆ. ಬ್ಯಾಂಕಿನ ಪಾಸ್‌ವರ್ಡ್ ಕೂಡ ನನಗೆ ಗೊತ್ತಿಲ್ಲ. ನಗಬೇಡಿ.

ಹಳೇರೇಡಿಯೋ:

ಖಂಡಿತ ನಗಲ್ಲ. ನಮ್ಮನೇಲಿ ಉಲ್ಟಾ ಇತ್ತು. ಲೆಕ್ಕವೆಲ್ಲ ಅವಳದ್ದು, ನನಗೆ ವಿಮೆಯ ಕಂತು ಎಷ್ಟು ಅಂತಲೂ ಗೊತ್ತಿರಲಿಲ್ಲ. ಈ ದಾರೀಲಿ ನಾನು ಹೋಗಿ ಬಂದವನು. ಒಂಬತ್ತು ತಿಂಗಳು, ಏಳು ಮೀಟಿಂಗು.

ಆ ಷರತ್ತು ಇದೆಯಲ್ಲ, ಇಡೀ ಪದ್ಧತಿ ಹುಟ್ಟಿದ್ದೇ ಅದರಿಂದ. 1990ರಲ್ಲಿ ಅಮೆರಿಕಾದ ಮಿನಿಯಾಪೊಲಿಸ್‌ನ ಸ್ಟುವರ್ಟ್ ವೆಬ್ ಅನ್ನೋ ಲಾಯರ್, ಕೋರ್ಟಿನ ಜಗಳ ಸಾಕಾಗಿ, ಇನ್ನು ಮೇಲೆ ರಾಜಿ ಮಾಡಿಸಲಿಕ್ಕೆ ಮಾತ್ರ ಬರುತ್ತೇನೆ, ಕೇಸು ಕೋರ್ಟಿಗೆ ಹೋದರೆ ನಾನಿರಲ್ಲ ಅಂತ ಶುರು ಮಾಡಿದರು. ಷರತ್ತು ತೆಗೆದುಬಿಟ್ಟರೆ ಉಳಿಯುವುದು ಮಾಮೂಲಿ ರಾಜಿ ಮಾತುಕತೆ. ಒಳಗೆ ಒಂದು ಕಣ್ಣು, ಕೋರ್ಟಿನ ಕಡೆ ಇನ್ನೊಂದು ಕಣ್ಣು.

ನನಗೆ ಇದು ತಲೆಗೆ ಹೋದದ್ದು ನಾಲ್ಕನೇ ಮೀಟಿಂಗಿನಲ್ಲಿ. ಮನೆ ನನಗೆ ಬೇಕು ಅಂತ ನಾನು, ತನಗೆ ಬೇಕು ಅಂತ ಅವಳು. ಸಿಟ್ಟು ಬಂದು ಬ್ಯಾಗ್ ಹೆಗಲಿಗೆ ಹಾಕಿಕೊಂಡು ಎದ್ದೆ. ನನ್ನ ಲಾಯರ್ ಹಿಂದೆಯೇ ಕಾರಿಡಾರಿಗೆ ಬಂದರು. "ನೀವು ಹೋದರೆ ನಾನೂ ಹೋದ ಹಾಗೇ. ಹೊಸಬರಿಗೆ ಮೊದಲಿಂದ ಹೇಳಿಕೊಳ್ಳಬೇಕು. ಅದಿರಲಿ, ಆ ಮನೇಲಿ ನಿಮಗೆ ಬೇಕಾಗಿರೋದು ಯಾವ ಜಾಗ?" ಅಂದರು. ತಾರಸಿ ರೂಮು ಅಂದೆ. ಹಳೇ ರೇಡಿಯೋ ರಿಪೇರಿ ಮಾಡುವ ನನ್ನ ಮೇಜು ಇರುವುದು ಅಲ್ಲಿ. ಬಾಯಿಂದ ಹೊರಗೆ ಬಂದ ಮೇಲೆ ನನಗೇ ನಾಚಿಕೆಯಾಯಿತು. ಒಂದು ಮೇಜಿಗಾಗಿ ನಾಲ್ಕು ತಿಂಗಳಿಂದ ಮನೆ ಕೇಳುತ್ತಿದ್ದೆ!

ಅವಳಿಗೆ ಬೇಕಾಗಿದ್ದದ್ದು ಮಕ್ಕಳ ಶಾಲೆ ಬದಲಾಗಬಾರದು ಅನ್ನುವುದು. ಅದನ್ನೂ ಯಾರೂ ಕೇಳಿರಲಿಲ್ಲ. ಕೊನೆಗೆ, ಚಿಕ್ಕವನಿಗೆ 18 ತುಂಬುವವರೆಗೆ ಅವಳು ಮತ್ತು ಮಕ್ಕಳು ಅಲ್ಲೇ ಇರುವುದು, ಆಮೇಲೆ ಮನೆ ಮಾರಿ ಅರ್ಧರ್ಧ ಅಂತಾಯಿತು. ಅಲ್ಲಿವರೆಗೆ ಸಾಲದ ಕಂತು ಯಾರು ಕಟ್ಟಬೇಕು, ಚಾವಣಿ ಸೋರಿದರೆ ಯಾರ ಖರ್ಚು, ಇಬ್ಬರಲ್ಲಿ ಒಬ್ಬರು ಮತ್ತೆ ಮದುವೆಯಾದರೆ ಏನು, ಎಲ್ಲಾ ಬರೆದಿಟ್ಟಿದ್ದೇವೆ. ಮೇಜು ನನ್ನ ಬಾಡಿಗೆ ಮನೆಗೆ ಬಂತು. ಮೆಟ್ಟಿಲಲ್ಲಿ ಇಳಿಸುವಾಗ ಅದರ ಒಂದು ಕಾಲು ಮುರಿಯಿತು, ಅದು ಬೇರೆ ಕಥೆ.

ಮೀಡಿಯೇಷನ್‌ನಲ್ಲಿ ನಡುವೆ ಕೂತವರು ಯಾರ ಕಡೆಯವರೂ ಅಲ್ಲ. "ಇದಕ್ಕೆ ಒಪ್ಪಬೇಡಿ, ನಿಮಗೆ ನಷ್ಟ" ಅಂತ ಅವರು ಹೇಳುವ ಹಾಗಿಲ್ಲ. ಇಲ್ಲಿ ನಿಮ್ಮ ಲಾಯರ್ ನಿಮ್ಮ ಪಕ್ಕದಲ್ಲೇ ಕೂತಿರುತ್ತಾರೆ. ಲೆಕ್ಕ ಗೊತ್ತಿಲ್ಲದವರಿಗೆ ಇದು ದೊಡ್ಡ ಧೈರ್ಯ. ಜೊತೆಗೆ ಇಬ್ಬರಿಗೂ ಸೇರಿ ಹಣಕಾಸು ತಿಳಿದವರು ಒಬ್ಬರನ್ನು ಇಟ್ಟುಕೊಳ್ಳಬಹುದು. ನಮ್ಮವರು ಮೂರು ವರ್ಷದ ಬ್ಯಾಂಕ್ ಸ್ಟೇಟ್‌ಮೆಂಟ್ ತರಿಸಿ, ಆಸ್ತಿ, ಸಾಲ, ಪಿಂಚಣಿ ಎಲ್ಲ ಒಂದು ಹಾಳೆಗೆ ಇಳಿಸಿದರು. ದಡ್ಡ ಪ್ರಶ್ನೆ ಕೇಳಲಿಕ್ಕೆ ಅವರೇ ಸರಿಯಾದ ಜನ. ನಾನು ಬೇಕಾದಷ್ಟು ಕೇಳಿದೆ.

ಮಕ್ಕಳ ಜೊತೆ ಮಾತಾಡಲು ಇನ್ನೊಬ್ಬರು ಇದ್ದರು. ಯಾವ ಮನೇಲಿ ಎಷ್ಟು ದಿನ ಅಂತ ನಾವು ತಲೆ ಕೆಡಿಸಿಕೊಂಡಿದ್ದರೆ, ಮಗಳು ಅವರಿಗೆ ಹೇಳಿದ್ದು, "ಎರಡು ಕಡೆನೂ ಒಂದೊಂದು ಚಾರ್ಜರ್ ಇರಲಿ".

ಕೋರ್ಟು ಪೂರ್ತಿ ತಪ್ಪುವುದಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ಕೊನೆಯ ಪತ್ರಕ್ಕೆ ಜಡ್ಜ್ ಒಪ್ಪಿಗೆ ಬೇಕಾಯಿತು. ಅಲ್ಲಿ ವಾದ ಇರಲಿಲ್ಲ, ಅಷ್ಟೇ.

ಎರಡನೇಫೈಲು:

ಮೇಲಿನವರಿಗೆ ಒಳ್ಳೆಯದಾಯಿತು, ಸಂತೋಷ. ನಂದು ಮುರಿದುಬಿತ್ತು.

"ಇರೋದೆಲ್ಲ ಇದರಲ್ಲಿದೆ" ಅಂತ ನನ್ನ ಗಂಡ ಪಟ್ಟಿ ಕೊಟ್ಟರು. ಲೆಕ್ಕ ನೋಡುವವರು ಸ್ಟೇಟ್‌ಮೆಂಟಿನ ಮೇಲೆ ಪೆನ್ಸಿಲ್ ಇಟ್ಟು ಕೇಳಿದರು. ಪ್ರತಿ ತಿಂಗಳು 5ನೇ ತಾರೀಕು ಒಂದೇ ಮೊತ್ತ ಒಂದು ಖಾತೆಗೆ ಹೋಗುತ್ತಿದೆ, ಆ ಖಾತೆ ಪಟ್ಟಿಯಲ್ಲಿ ಇಲ್ಲವಲ್ಲ? ಮುಂದಿನ ಸಲ ತರುತ್ತೇನೆ ಅಂದರು ನನ್ನ ಗಂಡ. ಅದರ ಮುಂದಿನ ಸಲವೂ ಅದೇ ಮಾತು. ಮೂರನೇ ಸಲ ಅವರೇ ಬರಲಿಲ್ಲ. ಆ ಕೋಣೆಯಲ್ಲಿ ಯಾರಿಗೂ ದಾಖಲೆ ತರಿಸುವ ಅಧಿಕಾರ ಇಲ್ಲ. ಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ.

ನಾನು ಕೋರ್ಟಿಗೆ ಹೋದೆ, ನನ್ನ ಲಾಯರ್ ಹೊರಗೆ ಹೋದರು. ಲೆಕ್ಕದವರ ವರದಿಯನ್ನೂ ಇಬ್ಬರೂ ಒಪ್ಪದೆ ಕೋರ್ಟಿಗೆ ಕೊಡುವಂತಿರಲಿಲ್ಲ. ಹೊಸ ಲಾಯರ್, ಅದೇ ಕಾಗದ, ಅದೇ ಅಳು, ಎರಡೆರಡು ಫೀಸು.

ನಿಮ್ಮವರು ಮಾತಾಡದವರೋ, ಮುಚ್ಚಿಡುವವರೋ? ಎರಡೂ ಬೇರೆ ಬೇರೆ. ಮನೇಲಿ ಹೆದರಿಕೆ ಇದ್ದರಂತೂ ಈ ಮೇಜಿನ ಹತ್ತಿರವೇ ಹೋಗಬೇಡಿ.

ಕರಿಕೋಟು:

ನಾನು ಈ ಕೆಲಸವನ್ನೇ ಮಾಡುವ ಲಾಯರ್. ಇಬ್ಬರು ಹೇಳಿದ್ದೂ ನಿಜ. ಹೆದರಿಕೆಯ ವಿಷಯಕ್ಕೆ ಒಂದು ಮಾತು: ಅಮೆರಿಕಾದಲ್ಲಿ 2009ರಲ್ಲಿ ಇದಕ್ಕಾಗಿಯೇ ರೂಪಿಸಿದ ಮಾದರಿ ಕಾನೂನಿನಲ್ಲೂ, ಮನೇಲಿ ಹಿಂಸೆ, ಬಲವಂತ ಇದೆಯಾ ಅಂತ ಸಹಿಗೆ ಮೊದಲೇ ಲಾಯರ್ ವಿಚಾರಿಸಬೇಕು ಅಂತಿದೆ. ನಿಮ್ಮನ್ನು ಅದನ್ನು ಕೇಳದೆ ಸಹಿಗೆ ಪೆನ್ನು ಕೊಡುವ ಲಾಯರ್ ಬೇಡ.

ನೀವಿರುವ ಕಡೆ ಇದಕ್ಕೆ ಪ್ರತ್ಯೇಕ ಕಾನೂನು ಇದೆಯಾ ಕೇಳಿ. ಇಲ್ಲದಿದ್ದರೆ, ಒಳಗೆ ಆಡಿದ ಮಾತು ಹೊರಗೆ ಹೋಗಬಾರದು ಅನ್ನುವುದೆಲ್ಲ ಆ ಒಪ್ಪಂದದ ಕಾಗದದ ಬಲದ ಮೇಲೆ ನಿಂತಿರುತ್ತದೆ. ಮತ್ತೆ, ಮಾತುಕತೆ ಮುಗಿಯುವವರೆಗೆ ಮನೆ ಖರ್ಚು ಹೇಗೆ ಅಂತ ಮೊದಲನೇ ಮೀಟಿಂಗಿನಲ್ಲೇ ಬರೆಸಿಕೊಳ್ಳಿ. ಜಾಸ್ತಿ ಜನ ಇದನ್ನು ಮರೆಯುತ್ತಾರೆ.

ಕಿಟಕಿಪಕ್ಕದಸೀಟು:

ಎಲ್ಲರಿಗೂ ಥ್ಯಾಂಕ್ಸ್. ಎರಡನೇಫೈಲು, ನಿಮ್ಮ ಪ್ರಶ್ನೆ ಓದಿ ರಾತ್ರಿ ನಿದ್ದೆ ಬರಲಿಲ್ಲ. ಬೆಳಿಗ್ಗೆ ಫ್ರಿಜ್ಜಿಗೆ ಚೀಟಿ ಅಂಟಿಸಿದೆ: "ಮೂರು ವರ್ಷದ ಸ್ಟೇಟ್‌ಮೆಂಟ್ ಬೇಕು. ಎಲ್ಲಾ ಖಾತೆಯದ್ದೂ."

ಸಂಜೆ ಮೇಜಿನ ಮೇಲೆ ಫೈಲಿತ್ತು. ಮೇಲೊಂದು ಚೀಟಿ: "ಪಾಸ್‌ವರ್ಡ್ ಒಳಗಿದೆ. ಹಲ್ಲು ಬಿತ್ತು, ಡಬ್ಬಿಯಲ್ಲಿಟ್ಟಿದ್ದೇನೆ."

ಕೂತು ಎಣಿಸಿದೆ. ಎರಡು ಖಾತೆಯದ್ದು ಪೂರ್ತಿ ಇದೆ. ಮೂರನೆಯದರಲ್ಲಿ ಹೋದ ವರ್ಷದ್ದು ಇಲ್ಲ. ಮರೆತರೋ ಏನೋ. ಇನ್ನೊಂದು ಚೀಟಿ ಅಂಟಿಸಿದ್ದೇನೆ. ಅದು ಬರುವವರೆಗೆ ಯಾವ ಕಾಗದಕ್ಕೂ ಸಹಿ ಹಾಕಲ್ಲ.

ಹಳೇರೇಡಿಯೋ ಅವರೇ, ಮೊದಲನೇ ಮೀಟಿಂಗು ಎಷ್ಟು ಹೊತ್ತು ಇರುತ್ತದೆ?

ಹಳೇರೇಡಿಯೋ:

ನಮ್ಮದು ಎರಡು ಗಂಟೆ ಆಯಿತು. ಅವತ್ತು ಬೇರೆ ಕೆಲಸ ಇಟ್ಟುಕೊಳ್ಳಬೇಡಿ. ನಾನು ಅಲ್ಲಿಂದ ನೇರ ಆಫೀಸಿಗೆ ಹೋಗಿ ಸುಮ್ನೆ ಪರದೆ ನೋಡುತ್ತಾ ಕೂತಿದ್ದೆ.