ಮಿಡ್‌ಸೈಜ್ ಪಿಕಪ್‌ನ 2.4 ಟರ್ಬೊ ಎಂಜಿನ್ ಟ್ರಾವೆಲ್ ಟ್ರೈಲರ್ ಎಳೆಯೋಕೆ ಸಾಕಾ?

ಮೈಲ್‌ಹೈ_ಮಂಡ್ಯ:

ಎಲ್ಲರಿಗೂ ನಮಸ್ಕಾರ. ನಾವಿರುವುದು ಡೆನ್ವರ್ ಹತ್ತಿರ. ಮನೆಯಲ್ಲಿ 2024ರ ಟೊಯೋಟ ಟಕೋಮ ಇದೆ. ಟಿಆರ್‌ಡಿ ಆಫ್‌ರೋಡ್, ಡಬಲ್ ಕ್ಯಾಬ್, ಫೋರ್ ಬೈ ಫೋರ್, ಆಟೊಮ್ಯಾಟಿಕ್. 2.4 ಲೀಟರ್ ಟರ್ಬೊ ಎಂಜಿನ್, 278 ಎಚ್‌ಪಿ. ಇಲ್ಲಿವರೆಗೆ ಹಿಂದೆ ಕಟ್ಟಿದ್ದು ಬಾಡಿಗೆ ಯುಟಿಲಿಟಿ ಟ್ರೈಲರ್ ಮಾತ್ರ. ತೋಟಕ್ಕೆ ಮಣ್ಣು, ಹಳೇ ಸೋಫಾ, ಇಂಥದ್ದೇ.

ಈಗ ಮನೆಯವರಿಗೂ ಮಕ್ಕಳಿಗೂ ಟ್ರಾವೆಲ್ ಟ್ರೈಲರ್ (ಗಾಡಿ ಹಿಂದೆ ಕಟ್ಟಿ ಎಳೆಯುವ ಪುಟ್ಟ ಮನೆ) ಹುಚ್ಚು ಹಿಡಿದಿದೆ. ನೋಡಿಟ್ಟಿರುವುದು 22 ಅಡಿಯದ್ದು, ಎರಡು ಆಕ್ಸಲ್, ಡ್ರೈ ವೇಟ್ (ಸಾಮಾನು, ನೀರು ಇಲ್ಲದ ಖಾಲಿ ತೂಕ) 4,300 ಪೌಂಡ್. ಮಾರುವವನು "ನಿಮ್ಮ ಗಾಡಿ 6,400 ಎಳೆಯುತ್ತೆ, ಇದು ಬರೀ 4,300, ಆರಾಮಾಗಿ ತಗೊಂಡ್ಹೋಗಿ" ಅಂದ. ಆಫೀಸಿನಲ್ಲಿ ಒಬ್ಬರು "ನಾಲ್ಕು ಸಿಲಿಂಡರ್ ಇಟ್ಕೊಂಡು ಬೆಟ್ಟ ಹತ್ತಿಸ್ತೀಯಾ, ಸುಮ್ನೆ ವಿ8 ತಗೋ" ಅಂದರು. ನಾವು ಜಾಸ್ತಿ ಹೋಗುವುದು ಐ-70 ಹೆದ್ದಾರಿಯಲ್ಲಿ ಪಶ್ಚಿಮಕ್ಕೆ, ಗ್ರ್ಯಾಂಡ್ ಜಂಕ್ಷನ್, ಮೋಆಬ್ ಕಡೆಗೆ. ಅಂದರೆ ಐಸೆನ್‌ಹೋವರ್ ಟನಲ್ ಹತ್ತಲೇಬೇಕು, ಆಮೇಲೆ ವೇಲ್ ಪಾಸ್ ಘಾಟಿ ಬೇರೆ. ಈ ಎಂಜಿನ್ ಸಾಕಾ, ಇಲ್ಲ ಗಾಡಿ ಬದಲಾಯಿಸಬೇಕಾ? ಎಳೆದು ಗೊತ್ತಿರುವವರು ಹೇಳಿ.

ಗೇರ್‌ಬಾಕ್ಸ್_ಗೌಡ:

ಎಂಜಿನ್ ಸಾಕು ಸರ್. ಸಿಲಿಂಡರ್ ಎಣಿಸುವ ಕಾಲ ಹೋಯಿತು.

ನಿಮ್ಮದಕ್ಕಿಂತ ಹಿಂದಿನ ಟಕೋಮದಲ್ಲಿ 3.5 ಲೀಟರ್ ವಿ6 ಇತ್ತಲ್ಲ, ಅದರದ್ದೂ 278 ಎಚ್‌ಪಿಯೇ. ಆದರೆ ಟಾರ್ಕ್ (ಎಂಜಿನ್ ತಿರುಗಿಸುವ ಬಲ) 265 ಪೌಂಡ್-ಫೀಟ್, ಅದೂ 4,600 ಆರ್‌ಪಿಎಂ ಮುಟ್ಟಿದ ಮೇಲೆ. ನಿಮ್ಮದು 317, ಅದು 1,700 ಆರ್‌ಪಿಎಂಗೇ ಸಿಗುತ್ತದೆ. ಹಳೇ ವಿ6ಗೆ ಟ್ರೈಲರ್ ಕಟ್ಟಿ ಏರು ಹತ್ತಿದವರನ್ನು ಕೇಳಿ ನೋಡಿ, ಗೇರ್ ಇಳಿಸು ಏರಿಸು ಅಂತ ಗಾಡಿಗೆ ತಲೆ ಕೆಟ್ಟುಹೋಗುತ್ತಿತ್ತು, ಎಂಜಿನ್ ಕಿರುಚುತ್ತಿತ್ತು. ಟರ್ಬೊದಲ್ಲಿ ಆ ಗಲಾಟೆ ಕಡಿಮೆ.

ಇನ್ನು ನಿಮ್ಮ ಊರಿನ ಎತ್ತರ. ಟರ್ಬೊ ಇಲ್ಲದ ಎಂಜಿನ್ ಪ್ರತಿ 1,000 ಅಡಿಗೆ ಸುಮಾರು 3% ಶಕ್ತಿ ಕಳೆದುಕೊಳ್ಳುತ್ತದೆ, ಯಾಕೆಂದರೆ ಗಾಳಿಯೇ ತೆಳು. ಐಸೆನ್‌ಹೋವರ್ ಟನಲ್ ಇರುವುದು 11,158 ಅಡಿಯಲ್ಲಿ. ಅಲ್ಲಿಗೆ ಹೋಗುವಷ್ಟರಲ್ಲಿ ನಿಸಾನ್ ಫ್ರಾಂಟಿಯರ್‌ನ 310 ಎಚ್‌ಪಿ ವಿ6 ಹೆಚ್ಚುಕಡಿಮೆ 210ಕ್ಕೆ ಇಳಿದಿರುತ್ತದೆ. ಟರ್ಬೊ ಗಾಳಿಯನ್ನು ಒತ್ತಿ ತುಂಬುವುದರಿಂದ ಅಷ್ಟು ಬೀಳುವುದಿಲ್ಲ. ಪುಕ್ಕಟೆ ಅಲ್ಲ, ಟರ್ಬೊ ಜಾಸ್ತಿ ದುಡಿಯಬೇಕು, ಬಿಸಿಯೂ ಜಾಸ್ತಿ. ಏರಿನಲ್ಲಿ ಆಕ್ಸಲರೇಟರ್ ಪೂರ್ತಿ ತುಳಿದುಕೊಂಡು 65 ಮೈಲಿ ವೇಗದಲ್ಲೇ ಹೋಗಬೇಕು ಅಂತ ಹಟ ಬೇಡ. ಬಲಗಡೆ ಲೇನ್‌ನಲ್ಲಿ 45ರಲ್ಲಿ ಲಾರಿಗಳ ಹಿಂದೆ ಹೋಗಿ, ಟೆಂಪರೇಚರ್ ಮುಳ್ಳಿನ ಮೇಲೆ ಒಂದು ಕಣ್ಣಿರಲಿ. ಪೆಟ್ರೋಲ್ ಮಾತ್ರ ಕುಡಿಯುತ್ತದೆ. ಖಾಲಿ ಗಾಡಿ ಗ್ಯಾಲನ್‌ಗೆ 21 ಮೈಲಿ ಕೊಡುತ್ತಿದ್ದರೆ ಟ್ರೈಲರ್ ಕಟ್ಟಿದ ಮೇಲೆ 10-11 ಅಂತ ಲೆಕ್ಕ ಹಾಕಿಕೊಳ್ಳಿ.

ಬಾಗಿಲು_ತೆಗೆದು_ನೋಡಿ:

ಗೌಡರು ಹೇಳಿದ್ದೆಲ್ಲ ನಿಜ, ಆದರೆ ಪ್ರಶ್ನೆಯೇ ತಪ್ಪು ಜಾಗದಲ್ಲಿದೆ. ಮಿಡ್‌ಸೈಜ್ ಪಿಕಪ್‌ನಲ್ಲಿ ಮೊದಲು ಕೈ ಕೊಡುವುದು ಎಂಜಿನ್ ಅಲ್ಲ, ಪೇಲೋಡ್, ಅಂದರೆ ಗಾಡಿ ತನ್ನ ಮೇಲೇ ಹೊರಬಹುದಾದ ಭಾರ.

ಎಂಜಿನ್ ಮೇಲೇ ನಿಂತಿದ್ದರೆ ಈ ಎರಡು ಸಂಗತಿ ಹೇಗೆ ಸಾಧ್ಯ ಹೇಳಿ. ನಿಮ್ಮ ಟಕೋಮದ್ದೇ ಹೈಬ್ರಿಡ್ ಇದೆ, 326 ಎಚ್‌ಪಿ, 465 ಪೌಂಡ್-ಫೀಟ್. ಅದರ ಟೋಯಿಂಗ್ ಮಿತಿ 6,000, ನಿಮ್ಮದಕ್ಕಿಂತ ಕಡಿಮೆ! ಫೋರ್ಡ್ ರೇಂಜರ್‌ನಲ್ಲಿ 2.3 ನಾಲ್ಕು ಸಿಲಿಂಡರ್ ತಗೊಂಡರೂ 7,500, ಅದಕ್ಕಿಂತ 45 ಎಚ್‌ಪಿ ಜಾಸ್ತಿ ಇರುವ 2.7 ವಿ6 ತಗೊಂಡರೂ ಅದೇ 7,500. ಮಿತಿ ಬರುವುದು ಚಾಸಿ, ಸ್ಪ್ರಿಂಗ್, ಆಕ್ಸಲ್, ಬ್ರೇಕ್, ಕೂಲಿಂಗ್ ಇವುಗಳಿಂದ.

ಆ ಮಾರುವವನು ಹೇಳಿದ 6,400 ಎಲ್ಲಿಂದ ಬಂತು ಅಂತಲೂ ತಿಳಿದಿರಲಿ. ಕಂಪನಿಗಳು ಎಸ್‌ಎಇ ಜೆ2807 ಅನ್ನುವ ಮಾನದಂಡದ ಪ್ರಕಾರ ಅಳೆಯುತ್ತವೆ. ಅರಿಜೋನಾದ ಡೇವಿಸ್ ಡ್ಯಾಮ್ ಏರು, 11.4 ಮೈಲಿ, ಎಸಿ ಪೂರ್ತಿ ಹಾಕಿಕೊಂಡು ಬೇಸಿಗೆ ಬಿಸಿಲಿನಲ್ಲಿ 40 ಮೈಲಿ ವೇಗಕ್ಕಿಂತ ಕೆಳಗೆ ಬೀಳದೆ ಹತ್ತಬೇಕು. ಕಷ್ಟದ ಪರೀಕ್ಷೆಯೇ, ಸುಳ್ಳು ಹೇಳಬಾರದು. ಆದರೆ ಆ ಏರು ಮುಗಿಯುವುದು ಸುಮಾರು 3,500 ಅಡಿಗೆ. ನಿಮ್ಮ ಗರಾಜೇ 5,280ರ ಆಸುಪಾಸಿನಲ್ಲಿದೆ. ಇನ್ನೊಂದು, ಗಾಡಿಯಲ್ಲಿ ಲೆಕ್ಕಕ್ಕೆ ಇರುವುದು ತಲಾ 150 ಪೌಂಡಿನ ಇಬ್ಬರು. ಹಿಂದಿನ ಸೀಟಿನಲ್ಲಿ ಮಕ್ಕಳಿಲ್ಲ, ಬೆಡ್‌ನಲ್ಲಿ (ಹಿಂದಿನ ಸಾಮಾನು ತೊಟ್ಟಿ) ಸೈಕಲ್ ಇಲ್ಲ, ಅತ್ತೆ ಕಟ್ಟಿಕೊಟ್ಟ ಚಕ್ಲಿ ಡಬ್ಬ ಇಲ್ಲ.

ಈಗ ಒಂದು ಕೆಲಸ ಮಾಡಿ. ಡ್ರೈವರ್ ಬಾಗಿಲು ತೆಗೆಯಿರಿ. ಕಂಬದ ಮೇಲೆ ಟೈರ್ ಪ್ರೆಷರ್ ಬರೆದಿರುವ ಸ್ಟಿಕ್ಕರ್ ಇದೆ. ಅದರಲ್ಲಿ ಜನ ಮತ್ತು ಸಾಮಾನು ಸೇರಿ ಇಷ್ಟು ಪೌಂಡ್ ದಾಟಬಾರದು ಅಂತ ಒಂದು ಸಾಲಿದೆ. ನೀವು ಕೂತಿದ್ದೂ ಅದರಲ್ಲೇ ಬರುತ್ತದೆ, ಟ್ರೈಲರ್‌ನ ಮೂಗು ನಿಮ್ಮ ಹಿಚ್ (ಟ್ರೈಲರ್ ಕೊಕ್ಕೆ) ಮೇಲೆ ಹೇರುವ ಭಾರವೂ ಅದರಲ್ಲೇ ಬರುತ್ತದೆ. ಆ ಟಂಗ್ ವೇಟ್ ಟ್ರೈಲರ್ ತೂಕದ 10ರಿಂದ 15% ಇರಲೇಬೇಕು, ಕಡಿಮೆ ಮಾಡಿದರೆ ಟ್ರೈಲರ್ ಬಾಲ ಅಲ್ಲಾಡಿಸೋಕೆ ಶುರು ಮಾಡುತ್ತದೆ. ಲೆಕ್ಕ ಹಾಕುವಾಗ ಡ್ರೈ ವೇಟ್ ಮರೆತುಬಿಡಿ. ಬ್ಯಾಟರಿ, ಗ್ಯಾಸ್ ಸಿಲಿಂಡರ್, ಹಾಸಿಗೆ, ಪಾತ್ರೆ ಎಲ್ಲಾ ಸೇರಬೇಕು. ನೀರು ಒಂದಕ್ಕೇ ಗ್ಯಾಲನ್‌ಗೆ 8.3 ಪೌಂಡ್.

ಸ್ಟಿಕ್ಕರ್‌ನಲ್ಲಿ ಎಷ್ಟಿದೆ, ಬರೆಯಿರಿ.

ಮೈಲ್‌ಹೈ_ಮಂಡ್ಯ:

ಗರಾಜಿಗೆ ಹೋಗಿ ನೋಡಿ ಬಂದೆ. 1,180 ಪೌಂಡ್.

ನೀವು ಹೇಳಿದ ಹಾಗೆ ಲೆಕ್ಕ ಹಾಕಿದೆ. ಟ್ರೈಲರ್ ತುಂಬಿಸಿದ ಮೇಲೆ 5,200 ಅಂದುಕೊಂಡರೆ 13% ಅಂದರೆ 676. ನಾವು ನಾಲ್ಕು ಜನ ಸೇರಿ 475. ವೇಟ್ ಡಿಸ್ಟ್ರಿಬ್ಯೂಷನ್ ಹಿಚ್ 90. ಬೆಡ್‌ನಲ್ಲಿ ಕವರ್, ಸೈಕಲ್, ಕೂಲರ್, ಸಣ್ಣ ಜನರೇಟರ್ ಸೇರಿ 200. ಒಟ್ಟು 1,441. ಅಂದರೆ 261 ಪೌಂಡ್ ಮೇಲೆ! 6,400ರ ಹತ್ತಿರಕ್ಕೂ ಹೋಗಿಲ್ಲ, ಆಗಲೇ ಮುಗಿದುಹೋಯಿತಲ್ಲ. ಆ ಹಿಚ್ ಹಾಕಿದರೆ ಭಾರ ಹಂಚಿಹೋಗುತ್ತದೆ ಅಂತಾರಲ್ಲ, ಅದು ಲೆಕ್ಕಕ್ಕೆ ಬರಲ್ವಾ?

ಡ್ಯಾಲಸ್_ದಾವಣಗೆರೆ:

ಇಷ್ಟೊಂದು ಹೆದರಿಸಬೇಡಿ ಮಾರಾಯರೇ. ನಾನು ಶೆವಿ ಕೊಲರಾಡೊ 2.7ರಲ್ಲಿ 5,500 ಪೌಂಡಿನ ಬೋಟ್ ಎಳೆಯುತ್ತೇನೆ, ಹಿಂದೆ ಏನೋ ಇದೆ ಅಂತಲೂ ಗೊತ್ತಾಗುವುದಿಲ್ಲ. 310 ಎಚ್‌ಪಿ, 430 ಪೌಂಡ್-ಫೀಟ್, ಮಿತಿ 7,700. ಅದೂ ನಾಲ್ಕು ಸಿಲಿಂಡರೇ. ಜನ ಇಂಟರ್ನೆಟ್‌ನಲ್ಲಿ ಕೂತು ಸ್ಟಿಕ್ಕರ್ ಪುರಾಣ ಓದಿ ಸುಮ್ನೆ 70,000 ಡಾಲರ್ ಗಾಡಿ ತಗೊಳ್ತಾರೆ.

ಬಾಗಿಲು_ತೆಗೆದು_ನೋಡಿ:

@ಡ್ಯಾಲಸ್, ನಿಮ್ಮ ರಸ್ತೆ ಚಪ್ಪಟೆ, ನಿಮ್ಮ ಬೋಟ್ ತಗ್ಗು, ಮೂಗು ಚೂಪು. ಟ್ರಾವೆಲ್ ಟ್ರೈಲರ್ ಅಂದರೆ ಎಂಟು ಅಡಿ ಅಗಲದ ಗೋಡೆ. 60 ಮೈಲಿ ವೇಗದಲ್ಲಿ ಎಂಜಿನ್ ದುಡಿಯುವುದು ತೂಕಕ್ಕಿಂತ ಗಾಳಿಗೆ ಜಾಸ್ತಿ. ಎರಡೂ 5,500 ಪೌಂಡೇ ಇರಬಹುದು, ಎಳೆತ ಒಂದೇ ಅಲ್ಲ. ನಿಮ್ಮ ಬೋಟ್‌ಗೆ ನಿಮ್ಮ ಗಾಡಿ ಚೆನ್ನಾಗಿಯೇ ಇದೆ, ಅದರಲ್ಲಿ ತಕರಾರಿಲ್ಲ.

@ಮಂಡ್ಯ, ಆ ಹಿಚ್ ಒಂದಿಷ್ಟು ಭಾರವನ್ನು ಮುಂದಿನ ಚಕ್ರಕ್ಕೂ, ಸ್ವಲ್ಪವನ್ನು ಟ್ರೈಲರ್‌ನ ಆಕ್ಸಲ್‌ಗೂ ದಾಟಿಸುತ್ತದೆ. ಗಾಡಿಯ ಮೂಗು ಮೇಲೆ ಎದ್ದು ಸ್ಟೀರಿಂಗ್ ಹಗುರ ಆಗುವುದು ತಪ್ಪುತ್ತದೆ. ಬೇಕೇ ಬೇಕು. ಆದರೆ 261 ಪೌಂಡ್ ಮಾಯ ಮಾಡುವುದಿಲ್ಲ. ಸೈಕಲ್‌ಗಳನ್ನು ಟ್ರೈಲರ್ ಹಿಂಬದಿಗೆ ನೇತುಹಾಕಿ ಟಂಗ್ ವೇಟ್ ಇಳಿಸುವ ಉಪಾಯ ಕೆಲವರು ಹೇಳುತ್ತಾರೆ, ಅದನ್ನು ಮಾತ್ರ ಮಾಡಬೇಡಿ. ವೇಲ್ ಪಾಸ್ ಇಳಿಯುವಾಗ ಅಡ್ಡಗಾಳಿ ಬಡಿದರೆ ಗೊತ್ತಾಗುತ್ತದೆ ಯಾಕೆ ಅಂತ.

ಮತ್ತೆ ವಿ8 ಅಂದರಲ್ಲ ನಿಮ್ಮ ಆಫೀಸಿನವರು, ದೊಡ್ಡ ಪಿಕಪ್‌ಗಳಲ್ಲೂ ಸನ್‌ರೂಫ್, ಲೆದರ್, ಇಪ್ಪತ್ತಿಂಚು ಚಕ್ರ ಇರುವ ಟ್ರಿಮ್ ತಗೊಂಡರೆ ಪೇಲೋಡ್ 1,400ರ ಹತ್ತಿರ ಬಂದು ನಿಲ್ಲುವ ಗಾಡಿಗಳಿವೆ. ಅಲ್ಲೂ ಬಾಗಿಲು ತೆಗೆದು ನೋಡಿಯೇ ಚೆಕ್ ಬರೆಯಿರಿ.

ಶಿರಾಡಿ_ಘಾಟಿ:

ಎಲ್ಲರೂ ಹತ್ತುವುದನ್ನೇ ಮಾತಾಡುತ್ತಿದ್ದೀರಿ. ಇಳಿಯುವುದು ಯಾರು?

ನಮ್ಮಪ್ಪ ಸಕಲೇಶಪುರದಿಂದ ಮಂಗಳೂರಿಗೆ ಲಾರಿ ಓಡಿಸುತ್ತಿದ್ದರು. ಯಾವ ಗೇರ್‌ನಲ್ಲಿ ಹತ್ತುತ್ತೀಯೋ ಅದೇ ಗೇರ್‌ನಲ್ಲಿ ಇಳಿ ಅಂತ ಕ್ಲೀನರ್ ಹುಡುಗರಿಗೆ ಹೇಳುವುದನ್ನು ಕೇಳಿಕೊಂಡೇ ಬೆಳೆದೆ. ಐ-70ಗೂ ಅದೇ. ಟನಲ್ ದಾಟಿದ ತಕ್ಷಣ ಸಿಲ್ವರ್‌ಥಾರ್ನ್ ಕಡೆಗೆ 7% ಇಳಿಜಾರು, 11,000 ಅಡಿಯಿಂದ 9,000ಕ್ಕೆ ಕೆಲವೇ ಮೈಲಿಯಲ್ಲಿ ಬೀಳುತ್ತೀರಿ. ಬ್ರೇಕ್ ಹೋದ ಲಾರಿಗಳಿಗೆ ಅಂತ ಪಕ್ಕದಲ್ಲಿ ಜಲ್ಲಿ ಹಾಕಿದ ರ‍್ಯಾಂಪ್ ಕಟ್ಟಿರುವುದು ಸುಮ್ನೆ ಅಲ್ಲ. ಇಲ್ಲಿ ದೊಡ್ಡ ಎಂಜಿನ್‌ಗೆ ನಿಜವಾಗಿಯೂ ಲಾಭ ಇದೆ, ಯಾಕೆಂದರೆ ಗೇರ್ ಇಳಿಸಿದಾಗ ಅದು ಗಾಡಿಯನ್ನು ಜಾಸ್ತಿ ಹಿಡಿದುಕೊಳ್ಳುತ್ತದೆ. 2.4 ಲೀಟರ್ ಅಷ್ಟು ಹಿಡಿಯುವುದಿಲ್ಲ. ಗೌಡರು ಇದನ್ನು ಹೇಳಲಿಲ್ಲ.

ಹಾಗಾಗಿ ಟನಲ್ ಒಳಗೆ ಇರುವಾಗಲೇ ವೇಗ ಇಳಿಸಿ, ಟೋ ಮೋಡ್ ಹಾಕಿ, ಗೇರ್ ಕೈಯಲ್ಲೇ ಇಳಿಸಿ. ಎಂಜಿನ್ 4,000 ಆರ್‌ಪಿಎಂನಲ್ಲಿ ಕೂಗಿದರೆ ಕೂಗಲಿ, ಅದು ಅದರ ಕೆಲಸ. ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇಳಿಯಬೇಡಿ. ಗಟ್ಟಿಯಾಗಿ ಒಮ್ಮೆ ಒತ್ತಿ ಹತ್ತು ಮೈಲಿ ವೇಗ ಕಡಿಮೆ ಮಾಡಿ, ಬಿಟ್ಟುಬಿಡಿ, ತಣ್ಣಗಾಗಲಿ, ಮತ್ತೆ ಒತ್ತಿ. ಟ್ರೈಲರ್‌ಗೆ ಅದರದ್ದೇ ಎಲೆಕ್ಟ್ರಿಕ್ ಬ್ರೇಕ್ ಇರುತ್ತದೆ, ಅದನ್ನು ನಡೆಸಲು ಕ್ಯಾಬಿನ್‌ನಲ್ಲಿ ಬ್ರೇಕ್ ಕಂಟ್ರೋಲರ್ ಬೇಕು. ಬಾಡಿಗೆ ಯುಟಿಲಿಟಿ ಟ್ರೈಲರ್‌ಗೆ ಅದು ಬೇಕಾಗಿರಲಿಲ್ಲ, ಇದಕ್ಕೆ ಇಲ್ಲದೆ ಮನೆ ಗೇಟ್ ದಾಟಬೇಡಿ. ಟ್ರೈಲರ್ ಟೈರ್‌ಗಳನ್ನೂ ನೋಡಿ, 65 ಮೈಲಿ ವೇಗಕ್ಕೆ ಮಾತ್ರ ಮಾಡಿರುವ ಎಸ್‌ಟಿ (ಟ್ರೈಲರ್‌ಗೆಂದೇ ಇರುವ) ಟೈರ್ ಇನ್ನೂ ಎಷ್ಟೋ ಇವೆ.

ಮೈಲ್‌ಹೈ_ಮಂಡ್ಯ:

ಎಲ್ಲರಿಗೂ ಥ್ಯಾಂಕ್ಸ್. ಗಾಡಿ ಬದಲಾಯಿಸುವುದಿಲ್ಲ, ಸಾಲ ಇನ್ನೂ ಇದೆ. 22 ಅಡಿಯದ್ದು ಬಿಟ್ಟೆ. ಈಗ ನೋಡುತ್ತಿರುವುದು 17 ಅಡಿ, ಒಂದೇ ಆಕ್ಸಲ್, ತುಂಬಿದರೂ 3,500 ದಾಟುವ ಹಾಗಿಲ್ಲ. ಟಂಗ್ 455, ನಾವು 475, ಸಾದಾ ಹಿಚ್ 50, ಬೆಡ್ 200. ಸರಿಯಾಗಿ 1,180! ಮಕ್ಕಳಿಗೆ ಬಂಕ್ ಬೆಡ್ ಬೇಕಿತ್ತು, ಅದು ಇದರಲ್ಲಿಲ್ಲ, ಮನೆಯಲ್ಲಿ ಇನ್ನೂ ಹೇಳಿಲ್ಲ.

ಗೇರ್‌ಬಾಕ್ಸ್_ಗೌಡ:

ಮಕ್ಕಳು ಬೆಳೆಯುತ್ತಾರೆ ಸರ್, ಸ್ಟಿಕ್ಕರ್ ಬೆಳೆಯುವುದಿಲ್ಲ. ಜನರೇಟರ್ ಮನೆಯಲ್ಲೇ ಬಿಡಿ, ಚೂರು ಜಾಗ ಸಿಗುತ್ತದೆ. ತಗೊಂಡ ಮೇಲೆ ಎಲ್ಲಾ ತುಂಬಿಸಿ, ಎಲ್ಲರನ್ನೂ ಕೂರಿಸಿಕೊಂಡು, ಹೆದ್ದಾರಿ ಪಕ್ಕದ ಟ್ರಕ್ ಸ್ಟಾಪ್‌ನಲ್ಲಿ ಲಾರಿ ತೂಗುವ ಕ್ಯಾಟ್ ಸ್ಕೇಲ್ ಮೇಲೆ ಒಮ್ಮೆ ಹತ್ತಿಸಿ. ಮುಂದಿನ ಆಕ್ಸಲ್, ಹಿಂದಿನ ಆಕ್ಸಲ್, ಟ್ರೈಲರ್ ಮೂರೂ ಬೇರೆಬೇರೆ ತೂಕ ಬರೆದ ಚೀಟಿ ಕೊಡುತ್ತಾರೆ. ಆ ಚೀಟಿಯ ಫೋಟೊ ಇಲ್ಲಿ ಹಾಕಿ, ಮಿಕ್ಕಿದ್ದು ನೋಡೋಣ.