ಸಹಾಯ ಬೇಕು: ಸರ್ವೋಗಳೆಲ್ಲ ಒಟ್ಟಿಗೆ ತಿರುಗಿದರೆ ರೋಬೋ ಕೈ ನಡುಗುತ್ತದೆ

ಎಲ್ಲರಿಗೂ ನಮಸ್ಕಾರ. ಕೊಪ್ಪಳದಲ್ಲಿ ನನ್ನ ತಂಗಿಯ ಶಾಲೆಯ ವಿಜ್ಞಾನ ಪ್ರದರ್ಶನಕ್ಕಾಗಿ ಆರು ಎಂಜಿ996ಆರ್ ಸರ್ವೋಗಳ (ಹೇಳಿದ ಕೋನಕ್ಕೆ ತಿರುಗುವ ಮೋಟಾರ್‌ಗಳ) ರೋಬೋ ಕೈ ಕಟ್ಟುತ್ತಿದ್ದೇವೆ. ಪ್ರೋಗ್ರಾಂ ನಡೆಸುವ ಆರ್ಡುಯಿನೋ ಊನೋ, ಸರ್ವೋಗಳಿಗೆ ಸಂಕೇತ ಕೊಡುವ ಪಿಸಿಎ9685 ಬೋರ್ಡ್, 12 ವೋಲ್ಟ್ 2 ಆಂಪಿಯರ್ ಅಡಾಪ್ಟರ್, ನಡುವೆ ವೋಲ್ಟೇಜ್ ಇಳಿಸುವ ಎಲ್‌ಎಂ2596 ಮಾಡ್ಯೂಲ್ ಇವೆ.

ಒಂದೊಂದೇ ಸರ್ವೋ ತಿರುಗಿಸಿದರೆ ಚೆನ್ನಾಗಿ ನಡೆಯುತ್ತದೆ. ಮೂರು ಒಟ್ಟಿಗೆ ತಿರುಗಿದರೆ ಕೈ ನಡುಗಿ ಕುಸಿಯುತ್ತದೆ. ಮಲ್ಟಿಮೀಟರ್‌ನಲ್ಲಿ 5.8 ವೋಲ್ಟ್ ಇದ್ದದ್ದು 4.2ಕ್ಕೆ ಇಳಿಯುತ್ತದೆ. 1000 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿದೆ, ಗ್ರೌಂಡ್‌ಗಳನ್ನೆಲ್ಲ ಸೇರಿಸಿದೆ. ಆರ್ಡುಯಿನೋಗೆ ಬೇರೆ ಯುಎಸ್‌ಬಿ ವಿದ್ಯುತ್ ಕೊಟ್ಟ ಮೇಲೆ ಅದು ರೀಸೆಟ್ ಆಗುವುದು ನಿಂತಿತು, ನಡುಕ ಮಾತ್ರ ನಿಲ್ಲಲಿಲ್ಲ. ತಂಗಿ ಎರಡು ರಾತ್ರಿ ಇದರ ಮುಂದೆಯೇ ಕುಳಿತಿದ್ದಾಳೆ, ನೋಡಲು ಸಂಕಟವಾಗುತ್ತದೆ.

ಈ ಸರ್ವೋ ಸಿಕ್ಕಿಹಾಕಿಕೊಂಡರೆ ಒಂದೇ 2.5 ಆಂಪಿಯರ್‌ವರೆಗೆ ಎಳೆಯುತ್ತದೆ. ಎಲ್‌ಎಂ2596ರ ಮಿತಿಯೇ 3 ಆಂಪಿಯರ್. ಹಾಗಾಗಿ ಎಲ್‌ಇಡಿ ಫಲಕಗಳಿಗೆ ಬಳಸುವ 5 ವೋಲ್ಟ್ 10 ಆಂಪಿಯರ್ ಎಸ್‌ಎಂಪಿಎಸ್ (ವಿದ್ಯುತ್ ಪೂರೈಸುವ ಪೆಟ್ಟಿಗೆ) ತರಬೇಕೆಂದಿದ್ದೇನೆ. ಗೊಂದಲ ಇಲ್ಲಿಯೇ: ಅಷ್ಟು ಕರೆಂಟನ್ನು ಪಿಸಿಎ9685 ಬೋರ್ಡಿನ ಹಸಿರು ಟರ್ಮಿನಲ್ ಮೂಲಕವೇ ಹರಿಸಬಹುದೇ? ಅಥವಾ ಸರ್ವೋಗಳ ಕೆಂಪು ತಂತಿಗಳನ್ನು ಬೋರ್ಡಿನಿಂದ ಬಿಡಿಸಿ, ನೇರವಾಗಿ ಎಸ್‌ಎಂಪಿಎಸ್‌ಗೆ ಜೋಡಿಸಬೇಕೇ? ಮಾಡಿ ನೋಡಿದವರು ದಯವಿಟ್ಟು ತಿಳಿಸಿ.