ಆಫೀಸಿನ ಫೈಲ್ ಹಂಚಿಕೊಳ್ಳಲು ಯಾವ ಆ್ಯಪ್? ಬಳಸಿದವರು ಹೇಳಿ

ಶಿರಸಿ ಸಿವಿಲ್:
ನಮ್ಮದು ಶಿರಸಿಯಲ್ಲಿ ಸಣ್ಣ ಸಿವಿಲ್ ಆಫೀಸು, ಎಂಟು ಜನ. ಸೈಟುಗಳು ಅಂಕೋಲಾ, ಕಾರವಾರದ ಕಡೆ. ಡ್ರಾಯಿಂಗ್, ಬಿಲ್ಲು, ಸೈಟ್ ಫೋಟೋ ಎಲ್ಲಾ ವಾಟ್ಸಾಪ್ ಗ್ರೂಪಿನಲ್ಲೇ ಓಡಾಡುತ್ತಿವೆ. ಬೇಕಾದಾಗ ಒಂದೂ ಸಿಗುವುದಿಲ್ಲ. ಸ್ಲ್ಯಾಕ್, ಟೀಮ್ಸ್, ಗೂಗಲ್ ಚಾಟ್, ಯಾವುದಕ್ಕೆ ಹೋಗಬಹುದು? ಸೂಪರ್‌ವೈಸರ್‌ಗಳ ಹತ್ತಿರ ಇರುವುದು ಫೋನ್ ಮಾತ್ರ.

ಕುಮಟಾ ಟ್ಯಾಕ್ಸ್:
ಸ್ಲ್ಯಾಕ್ ಹೆಸರು ಎತ್ತಿದಿರಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಮ್ಮ ಪಾರ್ಟ್ನರ್ ಬೆಂಗಳೂರಿನಲ್ಲಿ ಕೆಲಸ ಮಾಡಿ ಬಂದವರು, ಹಟ ಹಿಡಿದು ಅದನ್ನೇ ಹಾಕಿಸಿದರು. ಒಂದೊಂದು ಪಾರ್ಟಿಗೆ ಒಂದೊಂದು ಚಾನೆಲ್. ಜುಲೈ ರಿಟರ್ನ್ ಗಡಿಬಿಡಿಯಲ್ಲಿ ಫಾರ್ಮ್ 16, ಬ್ಯಾಂಕ್ ಸ್ಟೇಟ್‌ಮೆಂಟ್, ಅಡಿಕೆ ಮಾರಿದ ಪಟ್ಟಿ ಎಲ್ಲಾ ಅಲ್ಲಿಗೇ ಹಾಕಿದರು. ಡಿಸೆಂಬರಿನಲ್ಲಿ ಒಬ್ಬರಿಗೆ ನೋಟಿಸ್ ಬಂತು. ಹುಡುಕಿದರೆ ಒಂದು ಕಾಗದವೂ ಇಲ್ಲ! ಫ್ರೀ ಪ್ಲಾನಿನಲ್ಲಿ 90 ದಿನ ದಾಟಿದ ಮೆಸೇಜೂ ಫೈಲೂ ಕಾಣುವುದಿಲ್ಲ. 2022ರ ಸೆಪ್ಟೆಂಬರಿನಿಂದ ಹೀಗೇ. ದುಡ್ಡು ಕಟ್ಟಿದರೆ ಮತ್ತೆ ಕಾಣುತ್ತದೆ, ಆದರೆ ತಲೆಗಿಷ್ಟು ಅಂತ ತಿಂಗಳು ತಿಂಗಳು ಕಟ್ಟುತ್ತಲೇ ಇರಬೇಕು. ವರ್ಷ ದಾಟಿದ್ದನ್ನಂತೂ 2024ರ ಆಗಸ್ಟಿನಿಂದ ಪೂರ್ತಿ ಅಳಿಸುತ್ತಿದ್ದಾರೆ. ನೋಟಿಸ್ ಬಂದವರು ಗೋಕರ್ಣದವರು, ಎಪ್ಪತ್ತು ದಾಟಿದವರು. ಮತ್ತೆ ರಿಕ್ಷಾ ಮಾಡಿಕೊಂಡು ಬ್ಯಾಂಕಿಗೆ ಹೋದರು, ಸ್ಟೇಟ್‌ಮೆಂಟಿಗೆ ಚಾರ್ಜು ಕಟ್ಟಿದರು. ಪಾರ್ಟ್ನರ್ ಮೇಲಿನ ಆ ಸಿಟ್ಟು ನನಗೆ ಇನ್ನೂ ಇಳಿದಿಲ್ಲ.

ಡಿಟಿಪಿ ಅಕ್ಕ:
ವಾಟ್ಸಾಪಿಗೆ ಏನಾಗಿದೆ ಮಾರಾಯ್ರೆ? ನಾನು ಅದರಲ್ಲೇ ಅಂಗಡಿ ನಡೆಸುತ್ತಿದ್ದೇನೆ. ಫೋಟೋ ಅಂತ ಕಳಿಸಿದರೆ ಅದು ಕುಗ್ಗಿಸಿಬಿಡುತ್ತದೆ. ಡಾಕ್ಯುಮೆಂಟ್ ಅಂತ ಕಳಿಸಿದರೆ ಇದ್ದ ಹಾಗೇ ಹೋಗುತ್ತದೆ, 2 ಜಿಬಿ ತನಕ. ಒಬ್ಬರು ಉಪನಯನದ ಕಾರ್ಡಿಗೆ ವಟುವಿನ ಫೋಟೋ ಕಳಿಸಿದರು. ಅವರಿಗೂ ಯಾರೋ ಫಾರ್ವರ್ಡ್ ಮಾಡಿದ್ದು. ಚಿಕ್ಕದಾಗಿ ಮೂಲೆಯಲ್ಲಿ ಹಾಕಿ ಅಂದರು, ಪ್ರೂಫ್ ಒಪ್ಪಿದ ಮೇಲೆ ಇಡೀ ಪುಟಕ್ಕೆ ಬೇಕು ಅಂದರು. ಬೇಡ, ಒಡೆಯುತ್ತದೆ ಎಂದೆ, ಕೇಳಲಿಲ್ಲ. ಆರ್ಟ್ ಪೇಪರ್ ಮೇಲೆ ಬಂದಾಗ ಹುಡುಗನ ಹುಬ್ಬೂ ಕೂದಲೂ ಒಂದೇ ಆಗಿದ್ದವು. 300 ಕಾರ್ಡು. ಪೇಪರ್ 2,100, ಪ್ರಿಂಟ್ 1,800, ಮಡಚುವ ಕೂಲಿ ಬೇರೆ. ಅವರು ಒಂದು ರೂಪಾಯಿ ಬಿಚ್ಚಲಿಲ್ಲ. ಈಗ ಕೌಂಟರಿನಲ್ಲೇ ಬೋರ್ಡು ಹಾಕಿದ್ದೇನೆ, ಡಾಕ್ಯುಮೆಂಟ್ ಆಗಿ ಕಳಿಸದಿದ್ದರೆ ಕೆಲಸ ತೆಗೆದುಕೊಳ್ಳುವುದಿಲ್ಲ ಅಂತ.

ಕುಮಟಾ ಟ್ಯಾಕ್ಸ್:
ಅಕ್ಕಾ, ಕಾರ್ಡಿನ ಫೋಟೋ ಬೇರೆ, ಪಾನ್ ಕಾರ್ಡು ಪಾಸ್‌ಬುಕ್ಕು ಬೇರೆ. ಅದೆಲ್ಲ ಹುಡುಗರ ಸ್ವಂತ ಫೋನಿನಲ್ಲಿ ಬಿದ್ದಿರಬೇಕಾ? ಕೆಲಸ ಬಿಟ್ಟವನನ್ನು ಗ್ರೂಪಿನಿಂದ ತೆಗೆಯಬಹುದು. ಅವನ ಫೋನಿನಲ್ಲಿ ಇಳಿದದ್ದನ್ನು ಯಾರು ತೆಗೆಯುತ್ತಾರೆ?

ಡಿಟಿಪಿ ಅಕ್ಕ:
ನನ್ನ ಹತ್ತಿರ ಕೆಲಸಕ್ಕಿರುವ ಹುಡುಗಿಯರು ನಂಬಿಗಸ್ತರು. ನಿಮ್ಮವರ ಮೇಲೆ ನಿಮಗೆ ನಂಬಿಕೆ ಇಲ್ಲದಿದ್ದರೆ ಅದು ಆ್ಯಪಿನ ತಪ್ಪಲ್ಲ.

ಕಾರವಾರ ಸೈಟ್:
ನಂಬಿಕೆಯ ಪ್ರಶ್ನೆ ಅಲ್ಲ ಅಕ್ಕ. ಬೈತಖೋಲ ಹತ್ತಿರ ನಮ್ಮದೊಂದು ಮನೆ ಕೆಲಸ. ಆಫೀಸಿನವರು ಗ್ರೂಪಿಗೆ ಪ್ಲಾನಿನ ಪಿಡಿಎಫ್ ಹಾಕಿದರು. ವಾರ ಬಿಟ್ಟು ತಿದ್ದಿದ್ದನ್ನು ಅದೇ ಹೆಸರಿನಲ್ಲಿ ಹಾಕಿದರು. ಮೇಸ್ತ್ರಿಯ ಫೋನಿನಲ್ಲಿ ಮೊದಲಿನದು ಇಳಿದಿತ್ತು, ಅವನು ಅದನ್ನೇ ನೋಡಿ ಬಾತ್‌ರೂಮ್ ಗೋಡೆ ಎಬ್ಬಿಸಿದ. ಒಡೆದು ಮತ್ತೆ ಕಟ್ಟಿದ್ದಕ್ಕೆ ಚಿರೆಕಲ್ಲು, ಸಿಮೆಂಟು, ಕೂಲಿ, ಪ್ಲಂಬರ್ ಲೈನ್ ಬಿಚ್ಚಿದ್ದು ಸೇರಿ 23,400 ರೂಪಾಯಿ. ಮಾಲೀಕರ ಬೈಗುಳ ಕೇಳಿದವನು ನಾನು.

ಆಮೇಲೆ ನಾನೇ ಜಗಳ ಮಾಡಿ ಪದ್ಧತಿ ಬದಲಿಸಿದೆ. ಫೈಲ್ ಗೂಗಲ್ ಡ್ರೈವಿನಲ್ಲಿ, ಗ್ರೂಪಿಗೆ ಬರೀ ಲಿಂಕ್. ತಿದ್ದಿದಾಗ ಹೊಸದಾಗಿ ಹಾಕಬೇಡಿ. ಅದೇ ಫೈಲಿನ ಮೇಲೆ 'ಮ್ಯಾನೇಜ್ ವರ್ಷನ್ಸ್' ಒತ್ತಿ ಹೊಸದು ಏರಿಸಿ. ಲಿಂಕ್ ಬದಲಾಗುವುದಿಲ್ಲ, ಯಾರು ಯಾವಾಗ ಒತ್ತಿದರೂ ಹೊಸದೇ ತೆರೆಯುತ್ತದೆ. 2024ರ ಜುಲೈಯಲ್ಲಿ ಶಿರೂರಿನ ಗುಡ್ಡ ಕುಸಿದು ಹೆದ್ದಾರಿ ಬಂದ್ ಆಯ್ತಲ್ಲ, ಆಗ ಕುಮಟಾದಿಂದ ಪ್ರಿಂಟ್ ತರಿಸುವ ದಾರಿಯೇ ಇರಲಿಲ್ಲ. ಒಳಗಿನ ಕೆಲಸ ಪೂರ್ತಿ ಈ ಲಿಂಕಿನ ಮೇಲೆ ನಡೆಯಿತು. ಇದನ್ನು ನಾನು ಎದೆ ತಟ್ಟಿ ಹೇಳುತ್ತೇನೆ.

ಆದರೆ ಯಾರದೋ ಸ್ವಂತ ಜಿಮೇಲಿನಲ್ಲಿ ಇಡಬೇಡಿ. 15 ಜಿಬಿಯಲ್ಲಿ ಇಮೇಲೂ ಫೋಟೋವೂ ಸೇರಿರುತ್ತವೆ, ಬೇಗ ತುಂಬುತ್ತದೆ. ಅವನು ಬಿಟ್ಟು ಹೋದರೆ ಫೈಲೂ ಅವನದೇ. ಟೀಮ್ಸ್‌ನಲ್ಲೂ ಇದೇ ಕಥೆ. ಚಾನೆಲ್‌ನಲ್ಲಿ ಹಾಕಿದ್ದು ಶೇರ್‌ಪಾಯಿಂಟಿಗೆ ಹೋಗುತ್ತದೆ, ಅದು ಇಡೀ ಟೀಮಿನದು. ಚಾಟ್‌ನಲ್ಲಿ ಹಾಕಿದ್ದು ಕಳಿಸಿದವನ ಒನ್‌ಡ್ರೈವಿನಲ್ಲೇ ಕೂರುತ್ತದೆ. ಹಳೇ ಕಂಪನಿಯಲ್ಲಿ ಕ್ವಾಂಟಿಟಿ ಶೀಟ್ ಮಾಡುತ್ತಿದ್ದವರು ರಾಜೀನಾಮೆ ಕೊಟ್ಟರು, ಅವರ ಅಕೌಂಟ್ ಅಳಿಸಿದರು. ಬೇರೆ ಸೆಟ್ಟಿಂಗ್ ಮಾಡಿಲ್ಲದಿದ್ದರೆ ಅಳಿಸಿದ ಅಕೌಂಟಿನ ಫೈಲುಗಳನ್ನು ಒನ್‌ಡ್ರೈವ್ 30 ದಿನ ಅಷ್ಟೇ ಇಟ್ಟಿರುತ್ತದೆ. ಬಿಲ್ ಹಾಕುವ ಹೊತ್ತಿಗೆ ಶೀಟೇ ಇಲ್ಲ. ಮತ್ತೆ ಟೇಪ್ ಹಿಡಿದು ಎಲ್ಲಾ ಅಳೆದೆವು.

ಶಿರಸಿ ಸಿವಿಲ್:
ನೆಟ್ ಸಿಗದ ಸೈಟಿನಲ್ಲಿ ಈ ಲಿಂಕ್ ಹೇಗೆ ತೆರೆಯುವುದು?

ಹೊನ್ನಾವರ ಮೇಷ್ಟ್ರು:
ಆ್ಯಪು ಯಾವುದಾದರೂ ಇರಲಿ, ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ಕಳಿಸುವುದು ನಿಲ್ಲಿಸಿ ಮೊದಲು. ಶಾಲೆಯ ವಾರ್ಷಿಕ ವರದಿ ಡಿಟಿಪಿಯವರಿಂದ ವಾಟ್ಸಾಪಿನಲ್ಲಿ ಬಂತು. ಫೋನಿನಲ್ಲಿ ತೆರೆದರೆ ಕನ್ನಡ ಒಂದಕ್ಷರ ಇಲ್ಲ, ಪೂರ್ತಿ ಕೊಂಬು ಬಾಲದ ಇಂಗ್ಲಿಷ್ ಅಕ್ಷರ. ರಾತ್ರಿ ಕೂತು ನಲವತ್ತು ಪುಟ ಹೊಸದಾಗಿ ಟೈಪ್ ಮಾಡಿದೆ. ಇಷ್ಟು ವರ್ಷವಾದರೂ, ಎಲ್ಲಾ ಫೋನಿನಲ್ಲೂ ಕಾಣುವ ಯೂನಿಕೋಡ್ ಅಕ್ಷರ ಬಳಸಲು ಏನು ಕಷ್ಟ?

ಡಿಟಿಪಿ ಅಕ್ಕ:
ಕಷ್ಟ ಏನು ಅಂತ ಅಂಗಡಿಗೆ ಬಂದು ನೋಡಿ ಮೇಷ್ಟ್ರೇ. ನಾವು ಪುಟ ಜೋಡಿಸುವ ಪೇಜ್‌ಮೇಕರ್ ಸಾಫ್ಟ್‌ವೇರ್ 2001ರ 7.0ಕ್ಕೇ ನಿಂತಿದೆ, ಅದರಲ್ಲಿ ಯೂನಿಕೋಡ್ ಕನ್ನಡ ಕೂರುವುದಿಲ್ಲ. ಹಳೇ ಗಿರಾಕಿಗಳ ಲೆಟರ್‌ಹೆಡ್ಡು, ಬಿಲ್ ಬುಕ್ಕು, ಸೊಸೈಟಿ ವರದಿ ಎಲ್ಲಾ ಅದರಲ್ಲೇ ಇವೆ. ಪಿಡಿಎಫ್ ಕೇಳಿದ್ದರೆ ಫಾಂಟ್ ಸೇರಿಸಿಯೇ ಕೊಡುತ್ತಿದ್ದೆವು, ಯಾವ ಫೋನಿನಲ್ಲೂ ಸರಿಯಾಗಿ ಕಾಣುತ್ತಿತ್ತು. ತಿದ್ದಲಿಕ್ಕೆ ಬರಬೇಕು ಅಂತ ಎಲ್ಲರೂ ಮೂಲ ಫೈಲೇ ಕೇಳುತ್ತಾರೆ.

ಹೊನ್ನಾವರ ಮೇಷ್ಟ್ರು:
ತಿದ್ದುವುದು ನಮ್ಮ ಹಕ್ಕಲ್ವಾ? ದುಡ್ಡು ಕೊಟ್ಟಿದ್ದೇವೆ. ನುಡಿಯನ್ನು ಯೂನಿಕೋಡಿಗೆ ಬದಲಾಯಿಸುವ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತದೆ.

ಡಿಟಿಪಿ ಅಕ್ಕ:
ಸಿಗುತ್ತದೆ. ಅರ್ಕಾವೊತ್ತು ಕೆಲವು ಕಡೆ ಜಾಗ ತಪ್ಪುತ್ತದೆ, ನಡುವೆ ಇದ್ದ ಇಂಗ್ಲಿಷ್ ಹೆಸರುಗಳು ಕಲಸಿ ಹೋಗುತ್ತವೆ. ಮತ್ತೆ ಸಾಲು ಸಾಲು ಪ್ರೂಫ್ ನೋಡಬೇಕು. ಅದಕ್ಕೆ ಪುಟಕ್ಕೆ 15 ರೂಪಾಯಿ ಕೇಳಿದರೆ ನಿಮ್ಮಂಥವರೇ ಚೌಕಾಸಿ ಮಾಡುತ್ತೀರಿ.